ಚಕ್ರವಿಲ್ಲದ ವಾಹನಕ್ಕೊಂದು ನಿಂಬೆಹಣ್ಣು

ಶಾಲೆಯಲ್ಲಿ ಸೀಟಿ ಊದಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ನನ್ನ ಬದುಕಿನಲ್ಲಿ ಮಾತ್ರ ಯಾವುದೂ ಸಾಲಾಗಿ ನಿಂತದ್ದಿಲ್ಲ. ಒಂದು ಎಡವಟ್ಟು ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಗೇಟು ತೆಗೆದುಕೊಂಡು ಒಳಗೆ ಬಂದಿರುತ್ತದೆ. ಆ ಗಟ್ಟಿ ಬೂಟು ಬಂದ ವರ್ಷವಂತೂ ಗೇಟು ಹಾಕಲು ಪುರುಸೊತ್ತೇ ಸಿಗಲಿಲ್ಲ.

ಎರಡು ಸಾವಿರದ ಆಸುಪಾಸು. ನಾವಾಗ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಯಜಮಾನರಿಗೆ ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ನಾನು ಭದ್ರಾವತಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ಮನೆಗೆ ಹೈಕಮಾಂಡ್ ನಮ್ಮತ್ತೆ. ಭಾನುವಾರ ಬಂತೆಂದರೆ ನಾನು ಭದ್ರಾ ಡ್ಯಾಮಿನ ಹಿನ್ನೀರಿಗೆ ಓಡುತ್ತಿದ್ದೆ. ಅಲ್ಲಿ ನಮ್ಮದೊಂದು ಪುಟ್ಟ ವಾಟರ್ ಸ್ಕೀಯಿಂಗ್ ಕ್ಲಬ್ಬು, ಒಂದು ಮೋಟಾರ್ ಬೋಟು. ಶಿವಮೊಗ್ಗದ ಆಲ್ಕೊಳದಲ್ಲಿ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರೊಬ್ಬರು ನಮಗೆ ಕ್ಯಾಪ್ಟನ್.

ಆಟ ಹೇಳುವುದಕ್ಕೆ ಸುಲಭ. ಬೋಟು ಮುಂದೆ ನೆಟ್ಟಗೆ ಓಡುತ್ತದೆ, ಹಗ್ಗ ಹಿಡಿದು ನಾವು ಹಿಂದೆ. ಎರಡು ಕಾಲಿಗೂ ಸೇರಿ ಒಂದೇ ಸ್ಕೀ ಹಲಗೆ, ಒಂದು ಕಾಲು ಮುಂದೆ, ಇನ್ನೊಂದು ಅದರ ಹಿಂದೆ. ಎಡಕ್ಕೂ ಬಲಕ್ಕೂ ತೂಗಿ ತೂಗಿ, ನೀರಿನಲ್ಲಿ ತೇಲಿಬಿಟ್ಟ ಆರು ಕೇಸರಿ ಚೆಂಡುಗಳನ್ನು ಒಂದೊಂದಾಗಿ ಸುತ್ತಿ ಬರಬೇಕು. ದೀಪಾವಳಿ ಕಳೆದ ಮೇಲೆ ಆಯ್ಕೆ ಇತ್ತು. ಆರನ್ನೂ ಸುತ್ತಿದವರಿಗೆ ರಾಜ್ಯಮಟ್ಟದ ಪಂದ್ಯ. ನಾನು ಐದನ್ನು ಚೆನ್ನಾಗಿಯೇ ಸುತ್ತುತ್ತಿದ್ದೆ, ಆರನೆಯದರ ಹತ್ತಿರ ಹೋಗಿ ಮುಳುಗುತ್ತಿದ್ದೆ. ಆ ಒಂದು ಚೆಂಡು ನನ್ನ ಕನಸಿನಲ್ಲೂ ಬರುತ್ತಿತ್ತು.

ಅಷ್ಟರಲ್ಲಿ ನನ್ನ ಹಳೆಯ ಸ್ಕೀಯಲ್ಲಿ ಕಾಲು ತೂರಿಸುವ ರಬ್ಬರ್ ಪಟ್ಟಿಗಳು ಹರಿದುಹೋದವು. ಸರಕು ಹಡಗಿನಲ್ಲಿ ಕೆಲಸ ಮಾಡುವ ನನ್ನ ತಮ್ಮ, "ಅಕ್ಕ, ಈಗ ಎಲ್ಲಾರೂ ಇದನ್ನೇ ಹಾಕ್ಕೊಳ್ಳೋದು" ಎಂದು ಯಾವುದೋ ಬಂದರಿನಿಂದ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ಕೂರಿಸಿದ ಹೊಸ ಸ್ಕೀಯನ್ನೇ ತಂದುಕೊಟ್ಟ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹೊಸ್ತಿಲ ಒಳಗೋ ಹೊರಗೋ

ಅದು ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಕಪ್ಪು ಬೂಟು, ಕ್ಲಿಪ್ಪು ಹಾಕಿದರೆ ಕಣಕಾಲು ಅಲ್ಲಾಡದಂಥ ಬಿಗಿ. ಎರಡೂ ಬೂಟುಗಳನ್ನು ಒಂದೇ ತಗಡಿನ ಮೇಲೆ ಒಂದರ ಹಿಂದೆ ಒಂದು ಕೂರಿಸಿದ್ದರು. ಜೋರಾಗಿ ಬಿದ್ದರೆ ತಗಡು ಹಲಗೆಯಿಂದ ಕಳಚಿಕೊಳ್ಳುತ್ತದೆ, ಕಾಲು ಮಾತ್ರ ಬೂಟಿನೊಳಗೇ ಉಳಿಯುತ್ತದೆ.

ಮರುದಿನ ಬೆಳಿಗ್ಗೆ ಅತ್ತೆ ವಿಭೂತಿ, ಹೂವು ಹಿಡಿದು ಹಾಲಿಗೆ ಬಂದರು. ಹಲಗೆಯನ್ನು ನೋಡಿ ನಿಂತರು.

"ಇದು ವಾಹನವೇನೇ?"

"ಹೂಂ ಅತ್ತೆ, ನೀರಿನ ಮೇಲೆ ಹೋಗುತ್ತೆ."

"ಹಂಗಾದ್ರೆ ಈ ಬೂಟು?"

"ಅದೂ ಅದರದ್ದೇ ಭಾಗ."

"ಚಪ್ಪಲಿಗೆ ವಿಭೂತಿ ಹಚ್ಚೋದು ನನ್ನ ಕೈಲಿ ಆಗಲ್ಲ ಮಾರಾಯ್ತಿ."

ಯಜಮಾನರು ನನ್ನ ಪರ ವಕಾಲತ್ತು ವಹಿಸಿದರು. "ಅಮ್ಮ, ಸ್ಕೂಟರಲ್ಲೂ ಕಾಲಿಡೋ ಜಾಗ ಇದೆಯಲ್ಲ. ಅದಕ್ಕೆ ಪೂಜೆ ಮಾಡ್ತೀಯಲ್ಲ."

"ಸ್ಕೂಟರನ್ನ ಕಾಲಿಗೆ ಹಾಕ್ಕೊಂಡು ಓಡಾಡ್ತೀಯೇನೋ ನೀನು?"

ವಕೀಲರು ಕೂತರು. ತೀರ್ಪು ಬಂತು: ಹಲಗೆ ವಾಹನ, ಒಳಗಿರಲಿ. ಬೂಟು ಚಪ್ಪಲಿ, ಹೊರಗಿರಲಿ. ನಾನು ತಗಡನ್ನು ಬಿಚ್ಚಿ ಬೂಟನ್ನು ಬಾಗಿಲಾಚೆ ಚಪ್ಪಲಿಗಳ ಸಾಲಿನಲ್ಲಿಟ್ಟೆ. ಹಲಗೆಗೆ ವಿಭೂತಿ, ಹೂವು, ಆರತಿ ಎಲ್ಲ ಆಯಿತು. ಕೊನೆಗೆ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಒಡೆಸಿದ ಅತ್ತೆ, ಇನ್ನೊಂದು ನಿಂಬೆಹಣ್ಣು ಹಿಡಿದು ಹಲಗೆಯ ಸುತ್ತ ಎರಡು ಸುತ್ತು ಬಂದರು. ಇಡುವುದಕ್ಕೆ ಚಕ್ರವೇ ಇಲ್ಲ. ಆ ನಿಂಬೆಹಣ್ಣು ಮಧ್ಯಾಹ್ನ ಚಿತ್ರಾನ್ನಕ್ಕೆ ಹೋಯಿತು. "ಒಡೀದೆ ವಾಹನ ಹೊರಡಿಸೋದು ನಂಗ್ಯಾಕೋ ಸರಿ ಕಾಣಲ್ಲ" ಎಂದು ಅತ್ತೆ ಊಟದ ಹೊತ್ತಿಗೂ ಗೊಣಗುತ್ತಿದ್ದರು.

ಹಬ್ಬದ ಸಂಜೆ ನಮ್ಮ ಮನೆಯಲ್ಲಿ ಇಸ್ಪೀಟು. ಯಜಮಾನರು ಚಾಪೆ ಹಾಸಿ ಕಾದರು, ಕಾದರು, ಒಬ್ಬರೂ ಬರಲಿಲ್ಲ. ಗೇಟಿನವರೆಗೆ ಬಂದ ಹೆಜ್ಜೆ ಸಪ್ಪಳ ಅಲ್ಲಿಂದಲೇ ವಾಪಸು ಹೋಗುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, ಬಾಗಿಲಾಚೆಯ ಬೂಟಿನತ್ತ ಕಣ್ಣು ತೋರಿಸಿ ಪಿಸುಗುಟ್ಟಿದರು, "ಒಳಗಡೆ ಪೊಲೀಸ್ನೋರು ಇನ್ನೂ ಹೋಗಿಲ್ವಾ?"

ಮೋಸಂಬಿ

ಹೊಸ ಬೂಟಿನ ಒಳಗಿನ ಮೆತ್ತೆ ಕಾಲಿನ ಆಕಾರಕ್ಕೆ ಬರಬೇಕಾದರೆ ಅದನ್ನು ಹಾಕಿಕೊಂಡು ಗಂಟೆಗಟ್ಟಲೆ ಕೂರಬೇಕು ಎಂದು ನಮ್ಮ ಕ್ಯಾಪ್ಟನ್ ಡಾಕ್ಟರು ಹೇಳಿದ್ದರು. ಅತ್ತೆಯ ಕಾನೂನಿನ ಪ್ರಕಾರ ಬೂಟು ಒಳಗೆ ಬರುವಂತಿಲ್ಲ. ಹಾಗಾಗಿ ಶನಿವಾರ ಶಾಲೆ ಬಿಟ್ಟ ಮೇಲೆ ವರಾಂಡದಲ್ಲಿ ಕುರ್ಚಿ ಹಾಕಿ, ಎರಡೂ ಕಾಲು ತೂರಿಸಿ, ಕ್ಲಿಪ್ಪು ಬಿಗಿದು, ಮುಂದೆ ಸ್ಟೂಲಿನ ಮೇಲೆ ಚಾಚಿ ಕೂತೆ. ಹೋಗಿಬರುವವರ ಕಣ್ಣಿಗೆ ಬೂಟು ಬೀಳಬಾರದೆಂದು ಅತ್ತೆ ಒಂದು ಹಳೇ ಸೀರೆ ತಂದು ನನ್ನ ಕಾಲ ಮೇಲೆ ಹೊದಿಸಿ ಹೋದರು.

ಎದುರು ಮನೆಯ ತಮಿಳು ಅಮ್ಮ ನೋಡಿದರು. ಹೊದಿಕೆಯಡಿ ಉಬ್ಬಿದ ಎರಡು ಕಾಲು. "ಅಯ್ಯೋ ಪಾವಂ, ಟೀಚರಮ್ಮ ಬಿದ್ಬಿಟ್ರಾ?" ಎಂದರು. ಇಲ್ಲ ಎನ್ನುವುದರೊಳಗೆ ಆಕೆ ಬೀದಿಯ ಕೊನೆ ಮುಟ್ಟಿದ್ದರು. ಅರ್ಧ ಗಂಟೆಯಲ್ಲಿ ಜನ ಬರತೊಡಗಿದರು. ಬ್ರೆಡ್ಡು, ಬಾಳೆಹಣ್ಣು, ಮೋಸಂಬಿ. ಒಬ್ಬರು ನಾಟಿ ವೈದ್ಯರ ಕಟ್ಟು ಕಟ್ಟಿಸಿ ಎಂದರೆ, ಇನ್ನೊಬ್ಬರು ಕಟ್ಟು ಬೇಡ, ಪ್ಲೇಟ್ ಹಾಕಿಸಿ ಎಂದರು. ನಾನು ಎದ್ದು ನಿಂತು ತೋರಿಸೋಣವೆಂದರೆ ಎರಡೂ ಕಾಲು ಒಂದೇ ತಗಡಿಗೆ ಅಂಟಿವೆ. ಎದ್ದವಳು ಧೊಪ್ಪನೆ ವಾಪಸು ಕೂತೆ. ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ "ಚ್ಚು ಚ್ಚು" ಎಂದರು.

ನಾನು ಸಿಟ್ಟಿನಿಂದ ಅತ್ತೆಯ ಕಡೆ ತಿರುಗಿದೆ. "ನೀವಾದ್ರೂ ಹೇಳಿ ಅತ್ತೆ, ನಂಗೇನೂ ಆಗಿಲ್ಲ ಅಂತ."

ಅತ್ತೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದರು, "ಮೋಸಂಬಿ ಒಳ್ಳೇದು ತಂದಿದ್ದಾರೆ ಕಣೇ. ಸುಮ್ನೆ ನರಳು."

ಲೋಳೆ

ವರಾಂಡದಲ್ಲಿ ಒಣ ಕಾಲು ಹೇಗೋ ಬೂಟಿಗೆ ಹೋಗುತ್ತಿತ್ತು. ಡ್ಯಾಮಿನ ದಂಡೆಯಲ್ಲಿ ಒದ್ದೆ ಕಾಲು ಹೋಗಲೇ ಇಲ್ಲ. ಸೋಪು ಹಚ್ಚಿದೆ, ಶಾಂಪೂ ಸುರಿದೆ. ಹಿಮ್ಮಡಿ ಅರ್ಧಕ್ಕೆ ಸಿಕ್ಕಿಕೊಂಡು, ಇಬ್ಬರು ನನ್ನನ್ನು ಹಿಡಿದು ಒಬ್ಬರು ಬೂಟು ಎಳೆಯಬೇಕಾಯಿತು. ಮನೆಗೆ ಬಂದು ಗೋಳು ತೋಡಿಕೊಂಡೆ.

"ನಿಂಬೆಹಣ್ಣು ಒಡೀಲಿಲ್ಲ ನೋಡು, ಅದಕ್ಕೇ" ಎಂದರು ಅತ್ತೆ. ಹಾಗೆಂದವರು ಸುಮ್ಮನೆ ಕೂರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ದಾಸವಾಳದ ಎಲೆ ಕಿತ್ತು, ನೀರಿನಲ್ಲಿ ಕಿವುಚಿ, ತಲೆಗೆ ಹಚ್ಚುವ ಹಸಿರು ಲೋಳೆ ಮಾಡಿಕೊಟ್ಟರು. "ಜಡೆ ಸಿಕ್ಕು ಬಿಡಿಸೋ ಲೋಳೆ ನಿನ್ನ ಹಿಮ್ಮಡಿ ಬಿಡಿಸಲ್ವಾ?"

ಅದನ್ನು ಟಿಫನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ತುಂಬಿ, ಮೇಲಿನ ಡಬ್ಬಿಯಲ್ಲಿ ಎಲ್ಲರಿಗೂ ದೋಸೆ ಹಾಕಿಕೊಂಡು ಹೋದೆ. ಲೋಳೆ ಹಚ್ಚಿದ ಕಾಲು ಸರ್ರನೆ ಬೂಟಿನೊಳಗೆ ಇಳಿಯಿತು. ನನಗೆ ಕುಣಿಯುವಷ್ಟು ಸಂತೋಷ, ಆದರೆ ಕಾಲು ಎರಡೂ ಬಂಧನದಲ್ಲಿ. ಉಳಿದ ಲೋಳೆ ಡಬ್ಬಿಯಲ್ಲೇ ಇತ್ತು.

ನಾನು ನೀರಿಗಿಳಿದು ಬರುವಷ್ಟರಲ್ಲಿ ಡಾಕ್ಟರು ದೋಸೆ ಮುಗಿಸಿ ಬೆರಳು ನೆಕ್ಕುತ್ತಿದ್ದರು.

"ಚಟ್ನಿಗೆ ಉಪ್ಪು ಸ್ವಲ್ಪ ಕಡಿಮೆ ಆಗಿದೆ ಮೇಡಂ" ಎಂದರು. "ಆದ್ರೆ ನುಣ್ಣಗೆ ಎಷ್ಟು ಚೆನ್ನಾಗಿ ರುಬ್ಬಿದ್ದಾರೆ. ನಮ್ಮ ಮನೆಯವರಿಗೂ ಹೇಳಿಕೊಡೋಕೆ ನಿಮ್ಮತ್ತೆಗೆ ಹೇಳಿ."

ರೈಟ್, ಹೋಲ್ಡಾನ್

ನಮ್ಮ ಬೋಟು ಓಡಿಸುತ್ತಿದ್ದವರು ಸಿಟಿ ಬಸ್ಸಿನಿಂದ ರಿಟೈರಾದ ಡ್ರೈವರು. "ರೈಟ್" ಎಂದರೆ ಮಾತ್ರ ಹೊರಡುತ್ತಿದ್ದರು, "ಹೋಲ್ಡಾನ್" ಎಂದರೆ ಮಾತ್ರ ನಿಲ್ಲುತ್ತಿದ್ದರು. ಬೇರೆ ಯಾವ ಭಾಷೆಯಲ್ಲಿ ಕೂಗಿದರೂ ಅವರ ಕಿವಿಗೆ ಹೋಗುತ್ತಿರಲಿಲ್ಲ.

ಹಳೆಯ ರಬ್ಬರ್ ಪಟ್ಟಿ ತುಂಬ ಉದಾರಿ. ನಾನು ತಪ್ಪಾಗಿ ವಾಲಿದರೂ ಕಾಲು ಒಳಗೊಳಗೇ ಜಾರಿ, ಹಲಗೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಈ ಬೂಟು ಹಾಗಲ್ಲ. ಹೆಬ್ಬೆರಳು ಮಿಸುಕಿದರೆ ಹಲಗೆ ತಿರುಗುತ್ತದೆ. ಬೂಟು ಹಾಕಿ ಮೊದಲ ಸಲ ನೀರಿನಿಂದ ಎದ್ದು ನಿಂತ ದಿನ, ಹಳೇ ಅಭ್ಯಾಸದಲ್ಲಿ ಎಡಕ್ಕೆ ಜೋರಾಗಿ ವಾಲಿದೆ. ಹಲಗೆ ಹಾರಿತು. ಮೊದಲ ಚೆಂಡು ಎಲ್ಲೋ ಹಿಂದೆ ಉಳಿಯಿತು. ಆ ವೇಗ, ಆ ಗಾಳಿ! ಅಯ್ಯೋ ಎನ್ನಬೇಕೋ ಆಹಾ ಎನ್ನಬೇಕೋ ಗೊತ್ತಾಗದೆ ಎರಡನ್ನೂ ಕೂಗಿದೆ. ಹೋಲ್ಡಾನ್ ಎನ್ನುವುದು ಮಾತ್ರ ನೆನಪಾಗಲಿಲ್ಲ. ಎದುರಿಗೆ ತೆಪ್ಪದಲ್ಲಿ ಕೂತು ಬಲೆ ಬಿಟ್ಟಿದ್ದ ಮೀನುಗಾರ ಕಾಣಿಸಿದ. ಹಗ್ಗ ಬಿಟ್ಟು ಅವನ ಪಕ್ಕದಲ್ಲೇ ಧುಮುಕಿದೆ. ಅವನು ತಲೆಯಿಂದ ಕಾಲಿನವರೆಗೆ ನೆಂದುಹೋದ.

"ತಪ್ಪಾಯ್ತು ಅಣ್ಣ, ಬೂಟು ಹೊಸದು" ಎಂದು ನೀರಿನಿಂದಲೇ ಕೈಮುಗಿದೆ.

ಅವನು ಮುಖ ಒರೆಸಿಕೊಂಡು ಬಲೆ ಎಳೆದು ನೋಡಿದ. ಬಲೆಯ ತುಂಬ ಮೀನು ಪಟಪಟ ಎನ್ನುತ್ತಿತ್ತು. ಬೆದರಿದ ಮೀನೆಲ್ಲ ಅಲ್ಲಿಗೇ ನುಗ್ಗಿತ್ತು.

"ಇರ್ಲಿ ಬಿಡಿ ಅಕ್ಕ" ಎಂದ. "ಮುಂದಿನ್ವಾರ ಎಷ್ಟೊತ್ತಿಗೆ ಬೀಳ್ತೀರ?"

ಆರನೆಯ ಚೆಂಡು

ಆಯ್ಕೆಯ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರುತ್ತಿರಲಿಲ್ಲ. ಬೂಟಿನ ಸ್ವಭಾವ ಅಷ್ಟಿಷ್ಟು ತಿಳಿದಿತ್ತು. ಜೋರು ಮಾಡಬಾರದು, ಮೆಲ್ಲಗೆ ಹೇಳಿದರೆ ಕೇಳುತ್ತದೆ. ಪಿ.ಟಿ. ಟೀಚರಿಗೆ ಇದಕ್ಕಿಂತ ಕಷ್ಟದ ಪಾಠ ಇಲ್ಲ. ಆದರೂ ಆರನೆಯ ಚೆಂಡು ಇನ್ನೂ ಸಿಕ್ಕಿರಲಿಲ್ಲ. ಈ ಸಲ ಆಗದಿದ್ದರೆ ಇನ್ನು ಆಗುವುದಿಲ್ಲ ಎಂದು ನನಗೆ ಒಳಗೊಳಗೇ ಹೆದರಿಕೆ.

"ನಾನೂ ಬರ್ತೀನಿ" ಎಂದರು ಅತ್ತೆ. ಅಲ್ಲಿಯವರೆಗೆ ಅವರು ಡ್ಯಾಮಿನ ಕಡೆ ತಲೆ ಹಾಕಿರಲಿಲ್ಲ. ನಾನು ಬೆಳಿಗ್ಗೆ ಬೇಗ ಹೊರಟೆ. ಅವರು ಪೂಜೆ ಮುಗಿಸಿ, ಮಗನ ಸ್ಕೂಟರಿನ ಹಿಂದೆ ಕೂತು ಬರುವುದೆಂದಾಯಿತು.

ನನ್ನ ಸರದಿ ಬಂದಾಗಲೂ ಅವರ ಪತ್ತೆ ಇಲ್ಲ. ಹೊರಗಿನಿಂದ ಬಂದ ತೀರ್ಪುಗಾರರು ಬೋಟಿನಲ್ಲಿ ಕೂತಿದ್ದರು. ಲೋಳೆ ಹಚ್ಚಿ, ಕ್ಲಿಪ್ಪು ಬಿಗಿದು, ಹಗ್ಗ ಹಿಡಿದು "ರೈಟ್" ಎಂದೆ. ಒಂದು, ಎರಡು, ಮೂರು. ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನಾಲ್ಕು. ಐದನೆಯದನ್ನು ಸುತ್ತಿ ತಿರುಗಿದಾಗ ದಂಡೆಯ ಮೇಲೆ ಸ್ಕೂಟರಿನಿಂದ ಇಳಿಯುತ್ತಿದ್ದ ಅತ್ತೆಯ ಹಸಿರು ಸೀರೆ ಕಾಣಿಸಿತು. ಅವರ ಎದುರಿಗೆ ಮುಳುಗಬಾರದು ಎಂದುಕೊಂಡೆ. ಬೂಟಿಗೆ ಮೆಲ್ಲಗೆ ಹೇಳಿದೆ. ಕೇಳಿತು. ಆರನೆಯ ಚೆಂಡು ನನ್ನ ಭುಜಕ್ಕೆ ತಾಗುವಷ್ಟು ಹತ್ತಿರದಲ್ಲಿ ಹಿಂದೆ ಸರಿದುಹೋಯಿತು. ತೀರ್ಪುಗಾರರ ಕೈ ಮೇಲೆದ್ದದ್ದನ್ನು ನೋಡಿದೆ. ಖುಷಿಗೆ ನಾನೂ ಎರಡೂ ಕೈ ಎತ್ತಿದೆ. ಹಗ್ಗ ಹೋಯಿತು.

ಅಷ್ಟು ಜೋರಾಗಿ ನಾನು ಎಂದೂ ಬಿದ್ದಿರಲಿಲ್ಲ. ತಗಡು ಕಳಚಿ ಹಲಗೆ ಒಂದು ಕಡೆ, ಬೂಟಿನೊಂದಿಗೆ ನಾನು ಒಂದು ಕಡೆ. ನನ್ನನ್ನು ಎತ್ತಿ ದಂಡೆಗೆ ತಂದು ನಿಲ್ಲಿಸಿದರು. ಬಗ್ಗಿ ನೋಡಿದರೆ ಕ್ಲಿಪ್ಪಿಗೆ ಮರಳು ಕಚ್ಚಿಕೊಂಡು ಮಿಸುಕುತ್ತಿಲ್ಲ. ಅತ್ತೆ ಆರತಿ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಾರೆ, ಕಣ್ಣಲ್ಲಿ ನೀರು.

"ಗೆದ್ಯಂತಲ್ಲೇ" ಎಂದರು. ಆರತಿ ಎತ್ತಲು ಹೋದವರ ಕಣ್ಣು ಕೆಳಗೆ ಹೋಯಿತು. "ಚಪ್ಪಲಿ ಬಿಡು."

"ಬರ್ತಿಲ್ಲ ಅತ್ತೆ."

ತೀರ್ಪುಗಾರರೂ ಇನ್ನೊಬ್ಬರ ತೀರ್ಪಿಗೆ ಕಾದರು. ಅತ್ತೆ ಬೂಟನ್ನು ನೋಡಿದರು, ನನ್ನನ್ನು ನೋಡಿದರು, ದೂರದಲ್ಲಿ ತೇಲುತ್ತಿದ್ದ ಹಲಗೆಯನ್ನು ನೋಡಿದರು.

"ಸೊಸೆ ಇದರ ಮೇಲೆ ಹೋಗಿ ಬಂದಿದ್ದಾಳೆ" ಎಂದರು ಕೊನೆಗೆ. "ಇವತ್ತಿಂದ ಇದೂ ವಾಹನ."

ಬೂಟಿಗೆ ವಿಭೂತಿ ಬಿತ್ತು, ಕುಂಕುಮ ಬಿತ್ತು. ಆರತಿಯಾಯಿತು. ಆಮೇಲೆ ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟರು.

"ರಾಜ್ಯಕ್ಕೆ ಹೋಗೋ ಗಾಡಿ. ಹತ್ತಿಸಿ ಒಡಿ."

ಎರಡೂ ಕಾಲು ಕಟ್ಟಿಹಾಕಿದ ಗಾಡಿ ಹತ್ತುವುದು ಹೇಗೆ? ಕುಪ್ಪಳಿಸಬೇಕು. ಡಾಕ್ಟರು ಒಂದು ಕಡೆ, ಯಜಮಾನರು ಒಂದು ಕಡೆ ಹಿಡಿದುಕೊಂಡರು. ಬೋಟಿನಿಂದ ಡ್ರೈವರು ಗಂಭೀರವಾಗಿ "ರೈಟ್" ಎಂದು ಕೂಗಿದರು. ಕುಪ್ಪಳಿಸಿದೆ. ಬೂಟಿನಿಂದ ದಾಸವಾಳದ ಲೋಳೆ ಸೋರುತ್ತಿತ್ತು. ನಿಂಬೆಹಣ್ಣು ತಗಡಿನಡಿಯಿಂದ ಪುಳಕ್ಕನೆ ಜಾರಿ ನೀರಿಗೆ ಹಾರಿತು. ನಾನು, ಡಾಕ್ಟರು, ಯಜಮಾನರು ಮೂವರೂ ಕೆಸರಿನಲ್ಲಿ ಕೂತೆವು. ಆರು ಚೆಂಡು ಸುತ್ತಿದವಳನ್ನು ಒಂದು ನಿಂಬೆಹಣ್ಣು ಬೀಳಿಸಿತ್ತು.

ಅತ್ತೆಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಸೆರಗಿನ ಗಂಟನ್ನು ಪೂರ್ತಿ ಬಿಚ್ಚಿದರು. ಒಳಗೆ ಇನ್ನೂ ನಿಂಬೆಹಣ್ಣುಗಳಿದ್ದವು.

"ಆರನೇದಾಗದೆ ನಿಂದು ಯಾವುದೂ ಮುಗಿಯಲ್ಲ ಅಂತ ನಂಗೆ ಗೊತ್ತು ಕಣೇ" ಎಂದರು. "ಅದಕ್ಕೇ ಆರು ತಂದಿದ್ದೀನಿ. ಎದ್ದೇಳು."