ವಾಮನನ ಬಿಜಲಿ ಇಳಿಸಿದ್ದು

ಮೋಟಾರಿನಿಂದ ಇಳಿದ ವಾಮನರಾಯ ಬಾಗಿಲಿನ ಹಿಡಿಕೆ ಮುಟ್ಟಿದ್ದೇ ತಡ, ಬೆರಳಿಗೆ ಚಟ್ಟೆಂದು ಕಿಡಿ ಹಾರಿತು. ಸಾಸಿವೆಯಷ್ಟು ಆ ಕಿಡಿ ಅವನ ಸಂಸಾರಕ್ಕೇ ಮುಳುವಾಯಿತು. ಸಂಸಾರವಿನ್ನೂ ಶುರುವಾಗಿರಲಿಲ್ಲ, ಅಷ್ಟೇ.

ನಲವತ್ತೇಳರ ಮಾಗಿಯ ಒಣಚಳಿ. ಆಳಂದದ ಶಾಲಾ ಮಾಸ್ತರ ವಾಮನ ಗೊಬ್ಬೂರಿಗೆ ಕನ್ಯೆ ನೋಡಲು ಹೊರಟಿದ್ದ. ಹನ್ನೆರಡರೊಳಗೆ ಮುಟ್ಟಬೇಕು, ತಪ್ಪಿದರೆ ಅದೇ ಕನ್ಯೆಗಾಗಿ ಜೇವರ್ಗಿಯ ವಕೀಲನೊಬ್ಬ ತುದಿಗಾಲಲ್ಲಿ ನಿಂತಿದ್ದ. ಊರ ಸಾಹುಕಾರ ದೌಲತರಾಯರು ದೊಡ್ಡ ಮನಸ್ಸು ಮಾಡಿ ತಮ್ಮ ಮೋಟಾರು, ಡ್ರೈವರ್ ದೊಡ್ಡಪ್ಪ, ಒಂದು ಡಬ್ಬಿ ಪೆಟ್ರೋಲು ಕೊಟ್ಟು ಕಳಿಸಿದ್ದರು. ಊರು ದಾಟುವ ಮೊದಲೇ ಟಾಕಿ ಬರಿದಾಗಿತ್ತು.

ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದ್ದ ದೊಡ್ಡಪ್ಪ ಕಿಡಿ ಕಂಡು ಹಿಂದಕ್ಕೆ ಜಿಗಿದ.

“ನಿಂದರ್ರಿ ರಾಯರ! ನಿಮ್ಮ ರೇಷ್ಮಿ ಧೋತರದಾಗ ಬಿಜಲಿ ತುಂಬ್ಯಾದ. ಪೆಟ್ರೋಲಿಗೆ ಹತ್ತಿತಂದ್ರ ಎಲ್ಲಾರೂ ಇಲ್ಲೇ ಬೂದಿ. ಸೋಲಾಪುರದಾಗ ಕಣ್ಣಾರೆ ನೋಡೇನಿ.”

“ಮತ್ತೇನ್ ಮಾಡೂದೋ?”

“ರೇಷ್ಮಿ, ಉಣ್ಣಿ ಎಲ್ಲಾ ದೂರ ಇಡ್ರಿ. ಡಬ್ಬಿ, ಮೋಟಾರು, ಸುರುವೋ ಮನಶ್ಯಾ, ಎಲ್ಲಾಕ್ಕೂ ಒಂದ ಸರಪಳಿ ಹಾಕಿ ನೆಲಕ್ಕ ಬಿಡಬೇಕು, ಬಿಜಲಿ ಮಣ್ಣಿಗೆ ಇಳೀತದ.”

ಮಡಿಯ ಉಣ್ಣೆ ಧಾಬಳಿ ಉಟ್ಟು ಹಿಂದೆ ಕೂತಿದ್ದ ಅವನ ತಾಯಿಯ ತಂಗಿ, ಮೌಶಿ ಸುಭದ್ರಾಬಾಯಿ ಸಿಡುಕಿದರು. “ಮಂದಿ ಮುಟ್ಟಿದ ಸರಪಳಿ ನಾ ಮುಟ್ಟಾಂಗಿಲ್ಲ!” ಎಂದು ದೂರದ ಬೇವಿನ ಮರದಡಿ ಹೋಗಿ ಕೂತರು. ವಾಮನನ ಧೋತರ, ಕೋಟು, ರುಮಾಲು ಅವರ ಹಿಂದೆಯೇ ಹೋದವು. ಅವನ ಮೈಮೇಲೆ ಉಳಿದದ್ದು ಜನಿವಾರ ಮತ್ತು ದೊಡ್ಡಪ್ಪನ ಹರಕು ಖಾಕಿ ಚಡ್ಡಿ.

“ನೀನ ಸುರುವೋ,” ಎಂದ ವಾಮನ.

“ನಮ್ಮ ಮನ್ಯಾಗ ಬಾಣಂತಿ ಅದಾಳ್ರಿ. ನಿಮಗರೆ ಇನ್ನೂ ಲಗ್ನ ಆಗಿಲ್ಲ.”

ಅಷ್ಟರಲ್ಲಿ ಜನ ಸೇರಿದರು. ಯಾರೋ ಎತ್ತಿನ ಸರಪಳಿ ತಂದು ವಾಮನನ ಕೈಗೂ ಮೋಟಾರಿಗೂ ಡಬ್ಬಿಗೂ ಬಿಗಿದು ತುದಿಯನ್ನು ಮಣ್ಣಿಗೆ ಬಿಟ್ಟರು.

“ನೆಲ ಸೂಖಾ ಅದ, ಬಿಜಲಿ ಹ್ಯಾಂಗ ಇಳೀತದ?” ಎಂದು ಎದುರುಮನೆಯ ಕರೀಮುನ್ನಿಸಾ ಒಂದು ಕೊಡ ನೀರು ಸುರಿದಳು. ಆಮೇಲೆ ಎಲ್ಲರಿಗೂ ಹುರುಪು ಬಂತು. ನೀರು ನೆಲದಿಂದ ಕಾಲಿಗೆ, ಕಾಲಿನಿಂದ ತಲೆಗೆ ಏರಿತು. “ಮೈಯಾಗಿಂದು ಪೂರಾ ಇಳೀಲಿ, ಇನ್ನೊಂದು ಹಾಕ್ರಿ!” ವಾಮನ ಗಡಗಡ ನಡುಗುತ್ತ ಪೆಟ್ರೋಲು ಸುರಿದ. ಕೊನೆಯ ತೊಟ್ಟೂ ಟಾಕಿಗೆ ಇಳಿಯಿತು. ಏನೂ ಆಗಲಿಲ್ಲ. ಜನ ನಿರಾಸೆಯಿಂದಲೇ ಚಪ್ಪಾಳೆ ತಟ್ಟಿದರು.

ಹನ್ನೆರಡಕ್ಕೆ ಇನ್ನೂ ಸಮಯವಿತ್ತು! ದೊಡ್ಡಪ್ಪ ಎಂಜಿನ್ ಶುರುಮಾಡಿದ. ಮೋಟಾರಿನಿಂದ ಸರಪಳಿ ಬಿಚ್ಚಿತು, ಕೈಯ ಗಂಟು ಬಿಚ್ಚಲಿಲ್ಲ. ವಾಮನ ಅದನ್ನು ಎಳೆದುಕೊಂಡೇ ಧೋತರಕ್ಕಾಗಿ ಬೇವಿನ ಮರದ ಕಡೆ ಓಡಿದ. ಮೌಶಿಯ ಹತ್ತಿರ ಹರಟುತ್ತ ನಿಂತಿದ್ದ ಕೆಂಪು ಪಗಡಿಯ ಹಿರಿಯರೊಬ್ಬರು ಬೆಚ್ಚಿಬಿದ್ದರು.

“ಬಾಯಾರ, ಏಳ್ರಿ! ಕಿತ್ತುಗೊಂಡು ಬಂದಾ!” ಎನ್ನುತ್ತ ಮೋಟಾರಿನ ಕಡೆ ಓಟ ಕಿತ್ತರು.

“ಯಾರ್ ಮೌಶಿ ಅವರು?”

ಸುಭದ್ರಾಬಾಯಿ ತಲೆ ತಗ್ಗಿಸಿದರು. “ಸರಪಳಿ ಕಟ್ಟಿಸಿಕೊಂಡಾಂವ ಯಾರಂತ ಕೇಳಿದ್ರೋ. ನಿನ್ನ ಆ ಚಡ್ಡಿ ನೋಡಿ ನಾಚಿಕಿ ಬಂತು. ಯಾರೋ ಹುಚ್ಚ, ತಲಿ ತಣ್ಣಗ ಮಾಡಾಕತ್ತಾರ ಅಂದೆ. ನಮ್ಮ ವಾಮನ ಮೋಟಾರಿನ್ಯಾಗ ಕೂತಾನ ಅಂದೆ. ಆಮ್ಯಾಲ ತಿಳೀತು... ಗೊಬ್ಬೂರದ ಪಾಂಡುರಂಗರಾಯರಂತ. ಪ್ಯಾಟಿಗೆ ಬಂದಿದ್ರು. ಹುಡುಗಿ ಅಪ್ಪ.”

ವಾಮನ ಧೋತರದ ಆಸೆ ಬಿಟ್ಟು ತಿರುಗಿದ. “ಮಾವಾರ, ನಿಂದರ್ರಿ! ನಾನ ವಾಮನ!” ಎಂದು ಸರಪಳಿ ಝಣಝಣಿಸುತ್ತ ಬೆನ್ನಟ್ಟಿದ.

ಒಳಗೆ ಹತ್ತಿ ಕೂತಿದ್ದ ಪಾಂಡುರಂಗರಾಯರು ಪಕ್ಕದ ಖಾಲಿ ಸೀಟು ನೋಡಿದರು. ಓಡಿಬರುತ್ತಿದ್ದ ವರನನ್ನು ನೋಡಿದರು. ಎಲ್ಲವೂ ಅರ್ಥವಾಯಿತು.

“ಹೊಡಿಯಪಾ ಲಗೂನ! ಗೊಬ್ಬೂರಿಗೆ ಬ್ಯಾಡ, ನೆಟ್ಟಗ ಜೇವರ್ಗಿಗೆ!”

ಪಗಡಿ ಸುತ್ತಿದವರ ಮಾತು ಮೀರಿ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಮೋಟಾರು ಧೂಳೆಬ್ಬಿಸಿ ಹೊರಟಿತು. ಜೇವರ್ಗಿ ಮುಟ್ಟಲು ಬೇಕಾದಷ್ಟು ಪೆಟ್ರೋಲಿತ್ತು. ವಾಮನನೇ ತನ್ನ ಕೈಯಾರೆ ಸುರಿದಿದ್ದ.