ಒಂದೇ ಸಮುದ್ರ ದಾಟಿ ಬಂದ ಒಲೆ

ಒಂದಾನೊಂದು ಕಾಲದಲ್ಲಿ, ಎಂದರೆ ಪೀಣ್ಯದ ಕಾರ್ಖಾನೆಯ ಸೈರನ್ನಿಗೆ ಲಗ್ಗೆರೆಯ ಕೋಳಿಗಳೂ ಏಳುತ್ತಿದ್ದ ಕಾಲದಲ್ಲಿ, ಜಯಸಿಂಹನೆಂಬ ಇಂಜಿನಿಯರಿಂಗ್ ಹುಡುಗನೊಬ್ಬನಿದ್ದ. ಅಜ್ಜಿ ಕತೆಯ ರಾಜಕುಮಾರರು ಏಳು ಸಮುದ್ರ ದಾಟಿ ಮಾಣಿಕ್ಯ ತರುತ್ತಾರೆ. ಇವನು ಕಾಲೇಜಿನವರು ಕಳಿಸಿದರೆಂದು ಒಂದೇ ಸಮುದ್ರ ದಾಟಿ, ತಾಂಜಾನಿಯಾದ ಹಳ್ಳಿಯೊಂದರಲ್ಲಿ ಮೂರು ತಿಂಗಳು ಮಣ್ಣು ಕಲಸಿ, ಹೊಗೆಯಿಲ್ಲದ ಒಲೆಯ ನಕ್ಷೆ ತಂದ. ಹೋಗುವಾಗ ಕೆಲಸ ಹುಡುಕುವ ಹುಡುಗ. ಬರುವಾಗ ಲೋಕೋದ್ಧಾರದ ಕಂಪನಿಯ ಮಾಲೀಕ. ಕಂಪನಿಯಲ್ಲಿ ಸದ್ಯಕ್ಕೆ ಅವನೂ ಮಣ್ಣು ಮೆತ್ತುವ ಒಂದು ಕರಣೆಯೂ ಇದ್ದರು.

"ಲಾಭಕ್ಕಲ್ಲಪ್ಪ, ಜನಕ್ಕೆ," ಎಂದ ಅಪ್ಪನಿಗೆ.

ಅಪ್ಪ ಪುಟ್ಟಣ್ಣ ಕಾರ್ಖಾನೆಯ ಟೈಂ ಆಫೀಸಿನವರು. ತಡವಾಗಿ ಬಂದವರ ಹೆಸರಿಗೆ ಕೆಂಪು ಗೆರೆ ಎಳೆಯುವುದೇ ಅವರ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಸಂಜೆಯ ಸೈರನ್ನಿಗಿಂತ ಮುಂಚೆ ಗೇಟು ದಾಟಿ ಮನೆಗೆ ಹೊರಟವರಲ್ಲ. ಮಗನಿಗೂ ಅಲ್ಲೇ ಕೆಲಸದ ಕಾಗದ ಬಂದಿತ್ತು. ಒಂದು ಬೆಳಿಗ್ಗೆ ಅದನ್ನು ಜೇಬಿಗೆ ಹಾಕಿಕೊಂಡು ಅಂದರು:

"ಇವತ್ತು ಸಾಯಂಕಾಲ ಸೈರನ್ ಕೂಗೋದ್ರೊಳಗೆ ಲಗ್ಗೆರೇಲಿ ಒಬ್ರಾದ್ರೂ ನಿನ್ನ ಒಲೇಲಿ ಬೆಂದ ಮುದ್ದೆ ಉಂಡ್ರೆ, ಈ ಕಾಗದ ಸುಟ್ಟು ಹಾಕ್ತೀನಿ. ಇಲ್ದಿದ್ರೆ ನಾಳೆ ಏಳೂವರೆಗೆ ಗೇಟಲ್ಲಿರ್ಬೇಕು."

ವಾರದ ಹಿಂದೆಯೇ ಅದೇ ಬೀದಿಯ ಮಾರಕ್ಕನ ಮನೆಯಲ್ಲಿ ಒಲೆ ಹಾಕಿ ಒಣಗಲು ಬಿಟ್ಟಿದ್ದ ಜಯಸಿಂಹ, ಮಧ್ಯಾಹ್ನವೇ ಹೋಗಿ ಕೂತ.

"ಆ ದೇಸದಲ್ಲೂ ಮುದ್ದೇನೇನಪ್ಪ?" ಮಾರಕ್ಕ ಎಸರಿಟ್ಟು ಕೇಳಿದಳು.

"ಮುದ್ದೇನೇ. ಮುಸುಕಿನ ಜೋಳದ್ದು."

"ಅಂಗಾದ್ರೆ ನಮ್ಮಂಗೆ ಮನುಸ್ರೇ ಬುಡು."

ಬೆಂಕಿ ಹತ್ತಿತು. ಹೊಗೆಯೆಲ್ಲ ತಗಡಿನ ಕೊಳವೆಯೊಳಗೆ ನುಗ್ಗಿ ಹಿಂದಿನ ಗೋಡೆಯಾಚೆ ಹೋಯಿತು. ಜಯಸಿಂಹನ ಎದೆ ಹಬೆಗಿಟ್ಟ ಇಡ್ಲಿಯಂತೆ ಉಬ್ಬಿತು. ಅಷ್ಟರಲ್ಲಿ ಗೋಡೆಯಾಚೆಯ ಸೊಣ್ಣಮ್ಮ ಕೆಮ್ಮುತ್ತ, ಒಗೆದ ಸೀರೆಯೊಂದನ್ನು ಹಿಡಿದು ಬಂದಳು.

"ಏನಮ್ಮಿ ಮಾರಕ್ಕ, ಮುದ್ದೆ ನಿಂಗೆ, ಒಗೆ ನಂಗಾ? ಮೂಸಿ ನೋಡು, ಸೀರೆ ಬಾಡೂಟದ ವಾಸ್ನೆ ಒಡೀತದೆ."

ಜಯಸಿಂಹ ಗೋಣಿತಾಟು ಸುತ್ತಿ ಕೊಳವೆ ಕಿತ್ತ. ಹೆಂಚು ಸರಿಸಿ ಸೂರಿನಿಂದ ಮೇಲಕ್ಕೆ ಹಾಯಿಸಿದ. ಮೂರು ತಲೆಮಾರಿನ ಇಲ್ಲಣದ ಮಸಿ ಅವನ ತಲೆಯ ಮೇಲೇ ಇಳಿಯಿತು. ಆದರೂ ಹೊಗೆ ನೆಟ್ಟಗೆ ಆಕಾಶಕ್ಕೆ ಹೋಯಿತು.

ಮಾರಕ್ಕ ಮಾತ್ರ ಒಲೆಯ ಮೇಲೆ ನೇತುಹಾಕಿದ್ದ ಅವರೆ, ಹೀರೇಕಾಯಿ ಬೀಜದ ಗಂಟುಗಳನ್ನು ನೋಡುತ್ತಿದ್ದಳು.

"ಅಲ್ಲ ಕಣಪ್ಪ, ಬೀಜಕ್ಕೆ ಒಗೆ ಯಾರು ಕೊಡ್ತಾರೆ? ಒಗೆ ತಾಕ್ದಿದ್ರೆ ಉಳ ಬೀಳ್ತದೆ."

"ಒಲೆ ಹಾಕೋವಾಗ ಹೊಗೆ ಬೇಡ ಅಂತ ನೀವೇ ಅಂದ್ರಲ್ಲ?"

"ಕಣ್ಣಿಗೆ ಬ್ಯಾಡ ಅಂದೆ. ಬೀಜಕ್ಕೆ ಬ್ಯಾಡ ಅಂದ್ನಾ?" ಅವಳು ಮಡಕೆ ಇಳಿಸಿಯೇ ಬಿಟ್ಟಳು. "ಬಿತ್ತನೆ ಕೆಡಿಸೋ ಒಲೇಲಿ ನಾನು ಮುದ್ದೆ ತೊಳಸಕ್ಕಿಲ್ಲ."

ಸೈರನ್ನಿಗೆ ಇನ್ನು ಅರ್ಧ ಗಂಟೆ. ಜಯಸಿಂಹ ಕೊಳವೆಯನ್ನು ಮತ್ತೆ ಕೆಳಗಿಳಿಸಿ, ಬಗ್ಗಿಸಿ, ಬಾಯನ್ನು ಬೀಜದ ಗಂಟಿನ ಕೆಳಗೇ ತಿರುಗಿಸಿದ. ಹೊಗೆ ಬೀಜಗಳನ್ನು ಮಾತಾಡಿಸಿತು. ಆಮೇಲೆ ತವರಿಗೆ ಬಂದ ಮಗಳಂತೆ ಮನೆಯ ಮೂಲೆಮೂಲೆಗೂ ಓಡಾಡಿತು. ಮಾರಕ್ಕ ಮಡಕೆ ಮತ್ತೆ ಏರಿಸಿ, ಕೆಮ್ಮುತ್ತ, ಖುಷಿಯಿಂದ ಮುದ್ದೆ ತೊಳಸಿದಳು.

ಸೈರನ್ನಿಗೆ ಹತ್ತು ನಿಮಿಷವಿರುವಾಗಲೇ ಪುಟ್ಟಣ್ಣ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಕೈಚೀಲ.

"ಯಾರು ಉಂಡ್ರು?"

"ನಾನಂತೂ ಉಣ್ಣಾಕಿಲ್ಲ," ಎಂದು ಸೊಣ್ಣಮ್ಮ ಸೀರೆ ಕೊಡವಿಕೊಂಡು ಹೊರಟೇಹೋದಳು.

ಮಾರಕ್ಕ ಪುಟ್ಟಣ್ಣನವರ ಮುಂದೆಯೇ ತಟ್ಟೆ ಇಟ್ಟಳು. "ನೀವೂ ಲಗ್ಗೆರೆಯೋರೇ ಅಲ್ವಾ? ಉಣ್ಣಿ."

ಉಂಡರು. ಕಣ್ಣಿಂದ ಧಾರೆಧಾರೆ ನೀರು.

"ಹೊಗೆಯಿಲ್ಲದ ಒಲೆ ಅಂದ್ರಲ್ಲ ಮಾರಕ್ಕ?"

"ಅದು ಒಗೆ ಅಲ್ಲ ಸ್ವಾಮಿ, ಸಾರು ವಸಿ ಕಾರ," ಎಂದು ಮಾರಕ್ಕ ಸೆರಗಿನಲ್ಲಿ ತನ್ನ ಕಣ್ಣೂ ಒರೆಸಿಕೊಂಡಳು. ಜಯಸಿಂಹ ಅವಳಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.

ಕೊನೆಯ ತುತ್ತು ಕೈಯಲ್ಲಿದ್ದಾಗ ಪುಟ್ಟಣ್ಣ ಎಡಗೈಯಲ್ಲಿ ಜೇಬಿನ ಕಾಗದ ತೆಗೆದು ಒಲೆಗೆ ಹಾಕಿದರು. ಜಯಸಿಂಹನ ಕಾಲು ನೆಲಕ್ಕೆ ತಾಕಲಿಲ್ಲ. ಆಮೇಲೆ ಅವರು ಕೈಚೀಲದಿಂದ ಹೊಸದೊಂದು ಹಾಜರಿ ಪುಸ್ತಕ ತೆಗೆದರು. ಜೊತೆಗೆ ಕೆಂಪು ಪೆನ್ಸಿಲ್.

"ಮಧ್ಯಾಹ್ನ ರಾಜೀನಾಮೆ ಕೊಟ್ಬಿಟ್ಟೆ ಕಣೋ. ನೀನು ಸೋತಿದ್ರೆ ಫ್ಯಾಕ್ಟ್ರೀಲಿ ನನ್ನ ಬದಲು ನೀನಿರ್ತಿದ್ದೆ. ಗೆದ್ದೆ, ಇನ್ನು ನಿನ್ನ ಕಂಪನಿಗೆ ನಾನೇ ಟೈಂ ಆಫೀಸು. ನಾಳೆ ಏಳಕ್ಕೆ ಬಂದು ಸೈನ್ ಹಾಕು."

"ಏಳೂವರೆ ಅಲ್ವಾ ಅಪ್ಪ?" ಜಯಸಿಂಹನ ದನಿ ಬಾವಿಯೊಳಗಿಂದ ಬಂತು.

"ಅದು ಕಾರ್ಖಾನೆಗೆ. ಇದು ಜನಸೇವೆ."

ಪುಟ್ಟಣ್ಣ ಕೊನೆಯ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದರು. ಪೀಣ್ಯದ ಕಡೆಯಿಂದ ಸೈರನ್ ಕೂಗಿತು.