ಗುತ್ಯಪ್ಪನ ಎಣ್ಣೆ ಅರ್ಜಿ

ಗುತ್ಯಪ್ಪ ಎಣ್ಣೆ ನೋಡುವ ಕಡ್ಡಿಯನ್ನು ಹಳೇ ಬನಿಯನ್ನಿಗೆ ಒರೆಸಿ, ಇಂಜಿನ್ನಿಗೆ ಇಳಿಸಿ, ಮತ್ತೆ ಎತ್ತಿ ನೋಡುತ್ತಿದ್ದ. ಸೊರಬದ ಬೀಜದ ಕಂಪನಿಯ ಮುದಿ ಪಿಕಪ್‌ಗೆ ಅವನು ದಿನಗೂಲಿ ಡ್ರೈವರ್. ಊರೆಲ್ಲ ಆಯಿಲ್ ಅಂದರೂ ಅವನ ಬಾಯಲ್ಲಿ ಅದು ಎಣ್ಣೆಯೇ.

"ಇನ್ನೂ ಆರತಿ ಮುಗೀಲಿಲ್ಲೇನೋ?" ಮ್ಯಾನೇಜರ್ ಮಹಾಂತೇಶ್ ಹತ್ತಿ ಕೂತರು. "ಬಂದಳಿಕೇಲಿ ಜನ ಬೀಜಕ್ಕೆ ಕಾಯ್ತಾ ಕುಂತಾರೆ. ಬೇಗ ಮುಟ್ಟಿಸು, ನಿನ್ನ ಕೆಲಸ ಕಾಯಂ ಮಾಡಿಸ್ತೀನಿ."

"ಒಮ್ಮೆಲೇ ಜೋರು ಒತ್ತಿದ್ರೆ ಇಂಜಿನ್ ಅಡಿ ತೊಟ್ಟಿಯೊಳಗಿನ ಎಣ್ಣೆ ಹಿಂದಕ್ಕೆ ಓಡ್ತದೆ ಸಾರ್. ಪಂಪು ಬರೀ ಗಾಳಿ ಎಳೀತದೆ. ತೊಟ್ಟಿಯೊಳಗೆ ಒಂದು ಅಡ್ಡತಗಡು ಹಾಕಿಸಿದ್ರೆ ಎಣ್ಣೆ ಅಲ್ಲೇ ನಿಲ್ತದೆ. ಅದಕ್ಕೇ ಬರೆದ ನನ್ನ ಅರ್ಜಿ ಹೆಡ್ಡಾಫೀಸಿಗೆ ಕಳ್ಸಿದ್ರಾ?"

"ಕಳಿಸೋಣಂತೆ."

ಆ ಅರ್ಜಿ ಹೋದ ಬೇಸಿಗೆಯಿಂದ ಆಫೀಸಿನ ಮೇಜಿನ ಮೇಲೆ ಅವರ ಟೀ ಫ್ಲಾಸ್ಕಿನ ಅಡಿಯಲ್ಲಿ ಮಲಗಿತ್ತು.

"ಒತ್ತೋ! ಬಸುರಿ ಕರ್ಕೊಂಡು ಹೊಂಟೀಯೇನು?" ದಾರಿಯುದ್ದಕ್ಕೂ ಇದೇ ಭಜನೆ. ಗುತ್ಯಪ್ಪ 'ಕಾಯಂ' ಎಂಬ ಪದವನ್ನು ನೆನೆದು ಏರಿನಲ್ಲಿ ಒತ್ತಿಯೇಬಿಟ್ಟ. ಎಣ್ಣೆ ಸಾಲದೆಂದು ಹೇಳುವ ಕೆಂಪು ದೀಪ ಅತ್ತೆಯ ಕಣ್ಣಿನಂತೆ ಉರಿಯಿತು. ಇಂಜಿನ್ ಕಲ್ಲು ಅಗಿದ ಹಾಗೆ ಕಟಕಟ ಎಂದಿತು.

"ನಿಲ್ಸ್ತೀನಿ ಸಾರ್!"

"ನಿಲ್ಸಿದ್ರೆ ಕಾಯಂ ಇಲ್ಲ!"

ಇಂಜಿನ್ ಯಾರನ್ನೂ ಕೇಳದೆ ತಾನೇ ನಿಂತಿತು, ಬಂದಳಿಕೆ ಕಣ್ಣಿಗೆ ಕಾಣುವಲ್ಲಿ.

ಎಣ್ಣೆ ತುಂಬಿದರೆ ಜೀವ ಬಂದೀತೇನೋ ಎಂಬ ಆಸೆಯಿಂದ ಗುತ್ಯಪ್ಪ ಶಿಕಾರಿಪುರದ ಗೋದಾಮಿನ ಯತೀಶನಿಗೆ ಫೋನ್ ಮಾಡಿದ. "ಯತೀಶಣ್ಣ, ಎಣ್ಣೆ ಇಲ್ದೆ ನಿಂತ್ಬಿಟ್ವಿ. ತಗೊಂಡು ಬೇಗ ಬಾ."

"ಹಾಡುಹಗಲೇ? ಸಾಹೇಬ್ರಿಗೂ ಬೇಕಾ?"

"ಅವ್ರಿಗೇ ಅರ್ಜೆಂಟು ಮಾರಾಯ!"

ಕಾದು ಸಾಕಾದ ಬಂದಳಿಕೆಯ ಜನ ನಡೆದೇ ಬಂದು ಗಾಡಿ ಸುತ್ತುವರಿದಿದ್ದರು. ಬೈಕಿನಲ್ಲಿ ಬಂದ ಯತೀಶ ಬಾನೆಟ್ಟಿನ ಮೇಲೆ ಎರಡು ಕ್ವಾರ್ಟರ್ ಬಾಟಲಿ, ಲೋಟ, ಖಾರದ ಶೇಂಗಾ ಜೋಡಿಸಿದ. "ಸಾಹೇಬ್ರ ಬ್ರ್ಯಾಂಡ್ ಗೊತ್ತಿರ್ಲಿಲ್ಲ ರೀ. ಎರಡು ಥರ ತಂದೀನಿ."

"ನಮಗಿನ್ನೂ ಬೀಜ ಸಿಕ್ಕಿಲ್ಲ, ಇವರಿಗೆ ಮಾತ್ರ ಶೇಂಗಾಬೀಜ!" ಎಂದಳು ಗುಂಪಿನಲ್ಲಿದ್ದ ವರದಮ್ಮ. ಅವಳ ಮಗಳು ನಯನ ಅಷ್ಟರಲ್ಲಿ ವಿಡಿಯೊ ತೆಗೆದು ಎಲ್ಲರಿಗೂ ಕಳಿಸಿಯಾಗಿತ್ತು.

ಸಂಜೆ ಸೊರಬದ ಆಫೀಸಿಗೆ ಹೆಡ್ಡಾಫೀಸಿನ ಫೋನ್ ಬಂತು. ಇಂಜಿನ್ ಸುಟ್ಟಿದ್ದು ಯಾರಿಂದ? ಬಾಟಲಿ ಯಾರದು? ಮಹಾಂತೇಶ್ ಬೆವರು ಒರೆಸಿಕೊಂಡರು. ಫ್ಲಾಸ್ಕ್ ಎತ್ತಿದರು.

"ಡ್ರೈವರ್ದೇ ಸಾರ್. ಅವನೇ ಬರ್ಕೊಟ್ಟಾನೆ. ಕೇಳ್ರಿ: 'ಮಾನ್ಯರೇ, ಎಣ್ಣೆ ಸಿಗದೆ ಗಾಡಿ ಜೋರಾಗಿ ಓಡಿಸಲು ಆಗುವುದಿಲ್ಲ. ದಯವಿಟ್ಟು ಕಾಯಂ ವ್ಯವಸ್ಥೆ ಮಾಡಿಸಿ. ಇಂತಿ, ಗುತ್ಯಪ್ಪ, ಡ್ರೈವರ್.' ಇವತ್ತೇ ಕಳಿಸ್ತೀನಿ ಸಾರ್."

ಅಕ್ಷರ ಅವನದೇ, ಸಹಿ ಅವನದೇ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗುತ್ಯಪ್ಪ ಅಂಚೆ ಡಬ್ಬಿಯವರೆಗೂ ಅವರ ಹಿಂದೆ ಓಡಿದ.

"ಸಾರ್, 'ಇಂಜಿನ್ನಿಗೆ' ಅಂತ ಒಂದೇ ಒಂದು ಪದ ಸೇರಿಸ್ತೀನಿ, ಕೊಡಿ ಸಾರ್."

"ಬೇಡ ಬಿಡೋ," ಮಹಾಂತೇಶ್ ಕವರನ್ನು ಡಬ್ಬಿಯೊಳಗೆ ನೂಕಿದರು. "ಈಗಾಗ್ಲೇ ಎಷ್ಟು ತಡ ಆಗೈತಿ!"